ಹಾಡುತ್ತಾ ಕುಣಿಯುವ ನಾಟಕ ಕಟ್ಟುವುದು ಹೇಗೆ: ತಿಪಟೂರಿನ ತಾಲೀಮಿನಿಂದ ಒಂದು ಸಮಗ್ರ ಮಾರ್ಗದರ್ಶಿ

ನಾನು ನಿರ್ದೇಶಿಸಿದ ಮೊದಲ ಹಾಡು-ಕುಣಿತದ ನಾಟಕದಲ್ಲಿ ಮಂಡಿಯ, ಅಂದರೆ ಸಗಟು ಮಾರುಕಟ್ಟೆಯ, ಒಂದು ಹಾಡು ಇತ್ತು. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ದೃಶ್ಯ. 12 ಜನ ಹಮಾಲರ ವೇಷದಲ್ಲಿ ಬಂದು ಹಾಡಿ ಕುಣಿಯಬೇಕು. ಒಂದು ತಿಂಗಳು ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಹೆಜ್ಜೆ ಕಲಿಸಿದ್ದೆ. ಜಿಗಿತ, ತಿರುಗು, ಮಂಡಿಯೂರಿ ಏಳುವುದು, ಎಲ್ಲಾ ಇತ್ತು. ತಾಲೀಮು ನೋಡಿದವರು ಸಿನಿಮಾ ಇದ್ದಂಗಿದೆ ಅಂದರು. ಪ್ರಯೋಗದ ದಿನ ಮೊಬೈಲ್ ಇರಲಿಲ್ಲ, ಹಾರ್ಮೋನಿಯಂ ಇತ್ತು. ಪಲ್ಲವಿ ಚೆನ್ನಾಗಿ ಹೋಯಿತು. ಎರಡನೇ ಚರಣಕ್ಕೆ ಬರುವಷ್ಟರಲ್ಲಿ 12 ಬಾಯಿ ಆಡುತ್ತಿದ್ದವು, ದನಿ ಮಾತ್ರ ಇಲ್ಲ. ಎಲ್ಲರಿಗೂ ದಮ್ಮು ಕಟ್ಟಿತ್ತು. ಪರದೆ ಬಿದ್ದ ಮೇಲೆ ಹಾರ್ಮೋನಿಯಂ ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತಾ, "ಏನಪ್ಪಾ, ಕೊನೆಗೆ ನಾನೊಬ್ಬನೇ ಹಾಡಿದಂಗಾಯ್ತಲ್ಲ" ಅಂದರು.

ಆವತ್ತಿನಿಂದ ನನ್ನ ಕ್ರಮ ತಲೆಕೆಳಗಾಯಿತು. ಮೊದಲು ಉಸಿರು ಎಲ್ಲಿ ಬೇಕು ಅಂತ ಗುರುತು ಹಾಕುತ್ತೇನೆ. ಹೆಜ್ಜೆ ಆಮೇಲೆ. ಈ ಬರಹ ಪೂರ್ತಿ ಆ ಕ್ರಮದ ಮೇಲೇ ನಿಂತಿದೆ. ಸಣ್ಣ ಊರಿನ ಹವ್ಯಾಸಿ ತಂಡ, ಕಾಲೇಜು ತಂಡ, ಊರ ಜಾತ್ರೆಗೆ ಹೊಸದೇನಾದರೂ ಮಾಡೋಣ ಅನ್ನುವ ಯುವಕರು, ಇವರನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ತುಮಕೂರು ಜಿಲ್ಲೆಯವರಿಗೆ ಹಾಡಿನ ನಾಟಕ ಹೊಸದೇನಲ್ಲ. ಗುಬ್ಬಿಯ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಅದನ್ನು ನಾಡಿನ ಮನೆಮಾತು ಮಾಡಿದ ಗುಬ್ಬಿ ವೀರಣ್ಣನವರು (1891–1972) ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದವರು. ಬಾಲಕನಾಗಿ ಆ ಕಂಪನಿ ಸೇರಿದ್ದ ಬಿ.ವಿ. ಕಾರಂತರು ಮುಂದೆ ಕನ್ನಡ ರಂಗಸಂಗೀತದ ದಿಕ್ಕನ್ನೇ ಬದಲಿಸಿದರು. ಇವತ್ತಿಗೂ ನಮ್ಮ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ನಡೆಯುತ್ತದೆ. ದುರ್ಯೋಧನನ ಪಾರ್ಟು ಬೇಕು ಅಂದರೆ ಕೈಯಿಂದ ದುಡ್ಡು ಹಾಕಬೇಕು. ಅಷ್ಟು ಹುಚ್ಚು ನಮಗೆ. ಆದರೆ ಒಂದು ವ್ಯತ್ಯಾಸ ಗಮನಿಸಿ. ಆ ನಾಟಕಗಳಲ್ಲಿ ಹಾಡುವವನು ಹೆಚ್ಚಾಗಿ ಮೈಕಿನ ಮುಂದೆ ನಿಂತೇ ಹಾಡುತ್ತಾನೆ. ಕುಣಿತಕ್ಕೆ ಬೇರೆಯವರು ಬರುತ್ತಾರೆ. ನಾವು ಮಾಡಲು ಹೊರಟಿರುವುದರಲ್ಲಿ ಹಾಡುವವನೇ ಕುಣಿಯಬೇಕು, ಕುಣಿಯುವಾಗಲೇ ಕಥೆಯೂ ಮುಂದೆ ಹೋಗಬೇಕು. ಕಷ್ಟ ಇರುವುದು ಅಲ್ಲೇ.

ಹಂತ 1: ಹಾಡು ಎಲ್ಲಿ ಬೇಕು, ಎಲ್ಲಿ ಬೇಡ

ನಾಟಕದ ಹಸ್ತಪ್ರತಿ ಕೈಗೆ ಬಂದ ಕೂಡಲೇ ಹಾಡುಗಳ ಪಟ್ಟಿ ಮಾಡಿ. ಒಂದೊಂದರ ಮುಂದೆಯೂ ಈ ಪ್ರಶ್ನೆ ಬರೆಯಿರಿ: ಈ ಹಾಡು ತೆಗೆದರೆ ಕಥೆಯಲ್ಲಿ ಏನು ಕಾಣೆಯಾಗುತ್ತದೆ? ಏನೂ ಇಲ್ಲ ಅಂದರೆ ಆ ಹಾಡು ಬೇಡ. ಎಷ್ಟೇ ಚೆನ್ನಾದ ಮಟ್ಟು ಇರಲಿ.

ನಮ್ಮ ನಾಟಕದ ಕಥೆ ಸರಳ. ಒಂದು ರೈತನ ಮನೆ. ಅಟ್ಟದ ಮೇಲೆ ತೆಂಗಿನಕಾಯಿ ಒಣಗುತ್ತಿದೆ. ಉಂಡೆ ಕೊಬ್ಬರಿ ಆಗಲು ವರ್ಷದ ಹತ್ತಿರ ಬೇಕು. ಮಗಳ ಮದುವೆ ಅದಕ್ಕಿಂತ ಮೊದಲೇ ಗೊತ್ತಾಗಿಬಿಡುತ್ತದೆ. ಅರ್ಧ ಒಣಗಿದ ಕಾಯಿಯನ್ನೇ ಮಾರುವುದೋ, ಸಾಲ ಮಾಡುವುದೋ? ಮೊದಲ ಕರಡಿನಲ್ಲಿ 14 ಹಾಡು ಇದ್ದವು. ಮದುವೆ ಮನೆಯ ಹಾಡು, ಮಳೆ ಹಾಡು, ಹಾಸ್ಯದ ಹಾಡು. ಆ ಪ್ರಶ್ನೆ ಹಾಕಿ ಜರಡಿ ಹಿಡಿದಾಗ ಉಳಿದದ್ದು 8. ಒಂದೂವರೆ ಗಂಟೆಯ ನಾಟಕಕ್ಕೆ 8 ಸಾಕು. ನನ್ನ ಲೆಕ್ಕದಲ್ಲಿ ಸಂಗೀತದ ಒಟ್ಟು ಸಮಯ ಅರ್ಧ ಗಂಟೆ ದಾಟಿದರೆ ಹವ್ಯಾಸಿ ಕಂಠಗಳು ಸೋಲುತ್ತವೆ.

ಹಾಡು ಹುಟ್ಟಬೇಕಾದ ಜಾಗ ಯಾವುದು ಗೊತ್ತಾ? ಪಾತ್ರಕ್ಕೆ ಮಾತು ಸಾಲದೇ ಹೋಗುವ ಜಾಗ. ಅಪ್ಪ ಅಟ್ಟ ಹತ್ತಿ ಒಂದೊಂದೇ ಕಾಯಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸುತ್ತಾನೆ. ಒಣಗಿದ್ದರೆ ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನಬೇಕು. ಒಂದು ಅನ್ನುತ್ತದೆ, ಇನ್ನೊಂದು ಅನ್ನುವುದಿಲ್ಲ. ಅಲ್ಲಿ ಅವನು ಮಾತಾಡಿದರೆ ಗೊಣಗಾಟ ಆಗುತ್ತದೆ. ಹಾಡಿದರೆ ಸಭೆಯವರು ಸುಮ್ಮನಾಗುತ್ತಾರೆ.

ಇದೇ ಹಂತದಲ್ಲಿ ಇನ್ನೊಂದು ಕೆಲಸ ಮುಗಿಸಿಬಿಡಿ. ಬೇರೆಯವರ ನಾಟಕ ಆಡುವುದಾದರೆ ಬರೆದವರಿಂದ ಅಥವಾ ಅವರ ವಾರಸುದಾರರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಲೇಖಕ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಸಿನಿಮಾ ಮಟ್ಟು ಎತ್ತಿಕೊಂಡು ಹೊಸ ಸಾಹಿತ್ಯ ತುಂಬುವ ಚಾಳಿ ನಮ್ಮ ಕಡೆ ಜಾಸ್ತಿ. ಬೇಡ. ಹಕ್ಕಿನ ವಿಷಯ ಬದಿಗಿರಲಿ, ಸಭೆಯವರು ನಿಮ್ಮ ಕಥೆ ಬಿಟ್ಟು ಆ ಸಿನಿಮಾ ನೆನೆಸಿಕೊಳ್ಳುತ್ತಾ ಕೂರುತ್ತಾರೆ.

ಹಂತ 2: ಮೇಷ್ಟ್ರ ಜೊತೆ ಕೂತು ಶ್ರುತಿ ಗೊತ್ತುಮಾಡಿ

ನೃತ್ಯ ಸಂಯೋಜಕರನ್ನು ಹುಡುಕುವ ಮೊದಲು ಹಾರ್ಮೋನಿಯಂ ಮೇಷ್ಟ್ರನ್ನು ಹುಡುಕಿ. ಕುರುಕ್ಷೇತ್ರ ಕಲಿಸಿ ಕೈ ಪಳಗಿದವರು ನಮ್ಮ ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ಅವರಿಗಿರುವ ಒಂದು ಗುಣ ರೆಕಾರ್ಡ್ ಮಾಡಿದ ಹಾಡಿಗೆ ಇಲ್ಲ: ನಟ ಸಾಲು ಮರೆತರೆ ಅವರು ಕಾಯುತ್ತಾರೆ. ಚಪ್ಪಾಳೆ ಬಂದರೆ ಒಂದು ಸುತ್ತು ಜಾಸ್ತಿ ನುಡಿಸುತ್ತಾರೆ. ಯಾರಾದರೂ ಎಂಟ್ರಿಗೆ ತಡ ಮಾಡಿದರೆ ಬೆರಳಿನಲ್ಲೇ ಎಳೆಯುತ್ತಾರೆ. ಕಾಸು ಉಳಿಸಲು ಟ್ರ್ಯಾಕ್ ಹಾಕಿಕೊಳ್ಳುವುದು ನನ್ನ ಪ್ರಕಾರ ದೊಡ್ಡ ತಪ್ಪು. ಹಾರ್ಮೋನಿಯಂ, ತಬಲಾ, ಒಂದು ತಮಟೆ ಇದ್ದರೆ ನಾಟಕ ನಡೆಯುತ್ತದೆ.

ಮೊದಲ ಕೆಲಸ ಶ್ರುತಿ, ಅಂದರೆ ಹಾಡಿನ 'ಸ' ಯಾವ ಎತ್ತರದಲ್ಲಿ ನಿಲ್ಲಬೇಕು ಅನ್ನುವುದು. ನಟನಿಗೆ ಹಾಡಿನ ಅತಿ ತಗ್ಗಿನ ಸಾಲು, ಅತಿ ಎತ್ತರದ ಸಾಲು ಎರಡನ್ನೂ ಹಾಡಿಸಿ. ಎರಡೂ ಕೇಳಿಸುವ ಹಾರ್ಮೋನಿಯಂ ಮನೆ ಅವನ ಶ್ರುತಿ. ಹಾರ್ಮೋನಿಯಂನ ಬಿಳಿ ಮನೆಗಳನ್ನು ಎಣಿಸಿ ಹೇಳುವುದಾದರೆ, ಸಾಮಾನ್ಯವಾಗಿ ಗಂಡಸರಿಗೆ ಬಿಳಿ 1ರಿಂದ ಬಿಳಿ 2, ಹೆಂಗಸರಿಗೆ ಬಿಳಿ 5ರ ಆಸುಪಾಸು ಹೊಂದುತ್ತದೆ. ಹಳೇ ಕಂಪನಿ ನಟರು ಮೈಕಿಲ್ಲದ ಕಾಲದಲ್ಲಿ ಕೊನೆ ಸಾಲಿನವರಿಗೂ ಮುಟ್ಟಲಿ ಅಂತ ತುಂಬಾ ಏರು ಶ್ರುತಿಯಲ್ಲಿ ಹಾಡುತ್ತಿದ್ದರು. ಕೆಲವು ಮೇಷ್ಟ್ರುಗಳಿಗೆ ಈಗಲೂ ಆ ಅಭ್ಯಾಸ ಇದೆ. ಪ್ರೀತಿಯಿಂದಲೇ ಒಂದು ಮನೆ ಕೆಳಗಿಳಿಸಿ. ನಿಂತು ಹಾಡುವಾಗ ಮುಟ್ಟುವ ತಾರ ಸ್ಥಾಯಿ ಕುಣಿಯುವಾಗ ಮುಟ್ಟುವುದಿಲ್ಲ.

ಗಂಡು-ಹೆಣ್ಣು ಜೋಡಿ ಹಾಡಿನಲ್ಲಿ ಎಲ್ಲರೂ ಎಡವುತ್ತಾರೆ. ಒಂದೇ ಶ್ರುತಿಯಲ್ಲಿ ಹಾಡಿಸಿದರೆ ಒಬ್ಬರು ಕಿರುಚಬೇಕು ಅಥವಾ ಇನ್ನೊಬ್ಬರು ಗೊಣಗಬೇಕು. ನಾವು ಮಾಡುವ ಉಪಾಯ ಇದು. ಗಂಡಸು ಬಿಳಿ 1ರಲ್ಲಿ ತನ್ನ ಚರಣ ಹಾಡುತ್ತಾನೆ. ಅವನ ಪಂಚಮ, ಅಂದರೆ 'ಪ', ಬಿಳಿ 5. ಆ ಪಂಚಮವನ್ನೇ ಷಡ್ಜ, ಅಂದರೆ ತನ್ನ 'ಸ', ಮಾಡಿಕೊಂಡು ಹೆಂಗಸು ತನ್ನ ಚರಣ ಹಾಡುತ್ತಾಳೆ. ನಡುವೆ ಶ್ರುತಿ ಬದಲಿಸಲು ಮೇಷ್ಟ್ರಿಗೆ ಎರಡು ಆವರ್ತ, ಅಂದರೆ ತಾಳದ ಎರಡು ಪೂರ್ತಿ ಸುತ್ತು, ಬರೀ ವಾದ್ಯ ಬೇಕು. ಆ ಎರಡು ಆವರ್ತದಲ್ಲೇ ಜಾಗ ಬದಲಿಸುವ ಕುಣಿತ ಇಡಿ. ಕೆಲಸ ಎರಡು, ಸಮಯ ಒಂದು.

ಹಂತ 3: ಪಾರ್ಟು ಹಂಚುವುದು

ಕುರ್ಚಿ ಮೇಲೆ ಕೂರಿಸಿ ಹಾಡಿಸಬೇಡಿ. ಮೆಟ್ಟಿಲು ಇರುವ ಕಟ್ಟಡ ಹುಡುಕಿ. ಒಂದು ಮಹಡಿ ಬೇಗ ಹತ್ತಿ ಇಳಿದು ಬಂದ ತಕ್ಷಣ ನಾಲ್ಕು ಸಾಲು ಹಾಡಲು ಹೇಳಿ. ಯಾರ ಶ್ರುತಿ ಜಾರಲಿಲ್ಲವೋ ಅವರು ನಿಮ್ಮ ಕುಣಿಯುವ ಹಾಡುಗಾರರು. ದನಿ ಚೆನ್ನಾಗಿದ್ದು ಉಸಿರು ಸಾಲದವರಿಗೆ ನಿಂತು ಹಾಡುವ ಪಾತ್ರ ಕೊಡಿ. ನಮ್ಮ ಅಪ್ಪನ ಪಾತ್ರಧಾರಿ ಐವತ್ತು ದಾಟಿದವರು, ಮಂಡಿ ನೋವು ಬೇರೆ. ಅವರ ಎರಡೂ ಹಾಡನ್ನು ಏಣಿಯ ಮೇಲೆ ಕೂರಿಸಿಯೇ ಮಾಡಿಸಿದೆ. ಅವೇ ನಾಟಕದ ಅತ್ಯುತ್ತಮ ಹಾಡುಗಳಾದವು.

ತಾಳಕ್ಕೆ ಹೆಜ್ಜೆ ಹಾಕಲು ಬಾರದವರು ಇದ್ದೇ ಇರುತ್ತಾರೆ. ಅವರನ್ನು ಹಿಂದಿನ ಸಾಲಿಗೆ ತಳ್ಳಿದರೆ ಎಲ್ಲರ ಕಣ್ಣಿಗೂ ಬೀಳುತ್ತಾರೆ, ಏಕೆಂದರೆ ಮುಂದಿನವರು ಸರಿ ಇರುತ್ತಾರೆ. ಅದರ ಬದಲು ಅವರಿಗೊಂದು ಕೆಲಸ ಕೊಡಿ. ತಕ್ಕಡಿ ಹಿಡಿಯುವುದು, ಚೀಲ ಹೊಲಿಯುವುದು, ರಸೀದಿ ಬರೆಯುವುದು. ಕುಣಿತದ ನಡುವೆ ಸುಮ್ಮನೆ ಕೆಲಸ ಮಾಡುವ ಮನುಷ್ಯ ಇದ್ದರೆ ಮಂಡಿ ನಿಜವಾದ ಮಂಡಿಯಂತೆ ಕಾಣುತ್ತದೆ.

ಹಂತ 4: 45 ದಿನದ ತಾಲೀಮು

ನಮ್ಮವರಲ್ಲಿ ಮೇಷ್ಟ್ರುಗಳಿದ್ದರು, ಬ್ಯಾಂಕಿನವರಿದ್ದರು, ಮಂಡಿಯಲ್ಲೇ ಗುಮಾಸ್ತರಾಗಿದ್ದವರೂ ಇದ್ದರು. ಹಾಗಾಗಿ ಸಂಜೆ 7ರಿಂದ 9:30. ದಿನಕ್ಕೆ ಎರಡೂವರೆ ಗಂಟೆಗಿಂತ ಜಾಸ್ತಿ ಕೇಳಿದರೆ ಎರಡನೇ ವಾರಕ್ಕೆ ಅರ್ಧ ತಂಡ ನಾಪತ್ತೆ.

ಮೊದಲ 10 ದಿನ ಬರೀ ಹಾಡು. ಚಾಪೆ ಮೇಲೆ ಕೂತು. ಯಾರೂ ಏಳುವ ಹಾಗಿಲ್ಲ. ಹುಡುಗರಿಗೆ ಬೇಜಾರಾಗುತ್ತದೆ, "ಅಣ್ಣಾ, ಯಾವಾಗಣ್ಣಾ ಸ್ಟೆಪ್ಪು?" ಅಂತ ದಿನಾ ಕೇಳುತ್ತಾರೆ. ಕೇಳಲಿ. ಸಾಹಿತ್ಯ ನಾಲಿಗೆಗೆ ಕೂರದೆ ಎಬ್ಬಿಸಿದರೆ ಸಾಲು ನೆನಪಿಸಿಕೊಳ್ಳುವುದರಲ್ಲೇ ಕಾಲು ತಪ್ಪುತ್ತದೆ. ಆಮೇಲಿನ 15 ದಿನ ಒಂದೊಂದೇ ಹಾಡಿನ ಕುಣಿತ. ಮುಂದಿನ 10 ದಿನ ಮಾತು ಮತ್ತು ಹಾಡಿನ ನಡುವಿನ ಹೊಲಿಗೆ. ಉಳಿದ 10 ದಿನ ನಿಲ್ಲಿಸದೆ ಪೂರ್ತಿ ನಾಟಕ, ಕೊನೇ ಮೂರು ದಿನ ಬಣ್ಣ ಬಿಟ್ಟು ಉಳಿದೆಲ್ಲ ಸಮೇತ.

ಹಂತ 5: ಉಸಿರಿನ ನಕ್ಷೆ, ಅದರ ಮೇಲೆ ಹೆಜ್ಜೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ನಮ್ಮ ಮಂಡಿ ಹಾಡಿನ ಪಲ್ಲವಿ ನಾವೇ ಕಟ್ಟಿದ್ದು, ಹೀಗಿದೆ:

ಎತ್ತು ಕಾಯಿ, ಕುಕ್ಕು ಕಾಯಿ,
ಸಿಪ್ಪೆ ಬಿಡಲಿ ಸರಸರ;
ಅಟ್ಟದಲ್ಲಿ ವರುಷವಿದ್ದ
ಕಾಯಿಗೀಗ ಅವಸರ.

ಕೈಯಲ್ಲಿ ತಟ್ಟಿ ನೋಡಿ. ಎಲ್ಲಾ ಮೂರು ಮೂರು ಮಾತ್ರೆ. ತಕಿಟ, ತಕಿಟ, ತಕಿಟ, ತಕಿಟ. ಒಂದು ಸಾಲಿಗೆ ನಾಲ್ಕು ತಕಿಟ. ಆದರೆ ಎರಡನೇ ಸಾಲಿನ ಕೊನೆಯಲ್ಲಿ "ರ" ಒಂದೇ ಅಕ್ಷರ. ಅದರ ಮುಂದಿನ ಎರಡು ಮಾತ್ರೆ ಖಾಲಿ. ನಾಲ್ಕನೇ ಸಾಲಿನಲ್ಲೂ ಹಾಗೇ. ಉಸಿರಿನ ಜಾಗ ಆ ಎರಡೇ. ಹಾಡಿನ ಕಾಗದದಲ್ಲಿ ಅಲ್ಲಿ ಕೆಂಪು ಪೆನ್ನಿನಿಂದ ಒಂದು ಗೀಟು ಹಾಕಿ. ಒಂದು ತಕಿಟಕ್ಕೆ ಒಂದು ಸೆಕೆಂಡ್ ಇಟ್ಟುಕೊಂಡರೆ 8 ಸೆಕೆಂಡಿಗೊಂದು ಉಸಿರು. ನನ್ನ ಅನುಭವದಲ್ಲಿ ಕುಣಿಯುವವರಿಗೆ ಇದೇ ಗಡಿ. ಗೀಟು ಅದಕ್ಕಿಂತ ದೂರ ಇದ್ದರೆ ಕವಿಯ ಹತ್ತಿರ ಹೋಗಿ ಒಂದು ಪದ ಕಡಿಮೆ ಮಾಡಿಸಿ, ಇಲ್ಲವೇ ಸಾಲನ್ನು ಇಬ್ಬರಿಗೆ ಹಂಚಿ.

ಈಗ ಹೆಜ್ಜೆ. ಯೂಟ್ಯೂಬ್ ತೆಗೆಯಬೇಡಿ. ಒಂದು ದಿನ ತಂಡವನ್ನು ತೋಟಕ್ಕೆ ಕರೆದುಕೊಂಡು ಹೋಗಿ, ಕಾಯಿ ಸುಲಿಯುವವರನ್ನು ನೋಡಲು. ನೆಲಕ್ಕೆ ನಿಲ್ಲಿಸಿದ ಕಬ್ಬಿಣದ ಮೊನೆ. ಬಾಗಿ ಕಾಯಿ ಎತ್ತುತ್ತಾರೆ, ಮೊನೆಗೆ ಕುಕ್ಕುತ್ತಾರೆ, ತಿರುಚುತ್ತಾರೆ, ಸುಲಿದದ್ದನ್ನು ಪಕ್ಕಕ್ಕೆ ಎಸೆಯುತ್ತಾರೆ. ನಾಲ್ಕು ಕೆಲಸ, ನಾಲ್ಕು ತಕಿಟ. ಗಂಟೆಗಟ್ಟಲೆ ಮಾಡಿದರೂ ಅವರಿಗೆ ಏದುಸಿರು ಬರುವುದಿಲ್ಲ. ಯಾಕೆ? ಬಾಗುವಾಗ, ಕುಕ್ಕುವಾಗ ಉಸಿರು ಹೊರಗೆ ಹೋಗುತ್ತದೆ. ಎಸೆಯುವಾಗ ಎದೆ ತೆರೆದುಕೊಳ್ಳುತ್ತದೆ, ಗಾಳಿ ತಾನಾಗಿ ಒಳಗೆ ಬರುತ್ತದೆ.

ಹಾಡುವುದು ಅಂದರೆ ಉಸಿರು ಹೊರಗೆ ಬಿಡುವುದೇ ತಾನೇ. ಹಾಗಾಗಿ ಬಾಗುವುದು, ಕುಕ್ಕುವುದು, ತಿರುಚುವುದು ಪದಗಳ ಮೇಲೆ. ಎಸೆಯುವುದು ಕೆಂಪು ಗೀಟಿನ ಮೇಲೆ. ಮೊದಲ ಪ್ರಯೋಗದಲ್ಲಿ ನಾನು ತದ್ವಿರುದ್ಧ ಮಾಡಿದ್ದೆ. ಸಾಲು ಮುಗಿಯುವ ಜಾಗದಲ್ಲಿ ಎಲ್ಲರನ್ನೂ ಮಂಡಿಯೂರಿಸಿ ಬಾಗಿಸಿದ್ದೆ, ನೋಡಲು ಚೆಂದ ಅಂತ. ಹೊಟ್ಟೆ ಒತ್ತಿಕೊಂಡಿರುವಾಗ ಉಸಿರು ಎಲ್ಲಿಂದ ತೆಗೆದುಕೊಳ್ಳುತ್ತಾರೆ ಪಾಪ?

ಪ್ರತಿ ಕುಣಿತಕ್ಕೂ ಇದೇ ಪರೀಕ್ಷೆ ಮಾಡಿ. ಗೀಟಿನ ಜಾಗದಲ್ಲಿ ಎದೆ ತೆರೆದಿದೆಯಾ, ಮುಚ್ಚಿದೆಯಾ? ಮುಚ್ಚಿದ್ದರೆ ಹೆಜ್ಜೆ ಬದಲಿಸಿ.

ಜಿಗಿತ, ವೇಗದ ತಿರುಗು ಎಲ್ಲಾ ಬೇಡವೇ ಬೇಡ ಅಂತಲ್ಲ. ಅವುಗಳ ಜಾಗ ಪಲ್ಲವಿಗೂ ಚರಣಕ್ಕೂ ನಡುವಿನ ವಾದ್ಯದ ತುಣುಕಿನಲ್ಲಿ. ಬಾಯಿ ಹಾಡುವಾಗ ಕಾಲು ಸುಲಭ, ಬಾಯಿ ಸುಮ್ಮನಿದ್ದಾಗ ಕಾಲಿಗೆ ಪೂರ್ತಿ ಸ್ವಾತಂತ್ರ್ಯ. ಆ ತುಣುಕಿನ ಕೊನೆಯ ಆವರ್ತ ಮಾತ್ರ ನಡಿಗೆಗೆ ಬಿಡಿ, ಚರಣ ಎತ್ತಲು ದಮ್ಮು ಬೇಕು. ದೊಡ್ಡ ಗುಂಪು ಇದ್ದರೆ ಇನ್ನೊಂದು ದಾರಿ ಇದೆ. 12 ಜನರಲ್ಲಿ 6 ಜನ ಎರಡು ಸಾಲು ಹಾಡುತ್ತಾ ಬರೀ ತೂಗಲಿ, ಇನ್ನು 6 ಜನ ಕುಣಿಯಲಿ. ಮುಂದಿನ ಎರಡು ಸಾಲಿಗೆ ಅದಲು ಬದಲು. ಸಭೆಯವರಿಗೆ 12 ಜನವೂ ಹಾಡಿ ಕುಣಿದಂತೆಯೇ ಕಾಣುತ್ತದೆ.

ನಮ್ಮ ಸುತ್ತಲಿನ ಕುಣಿತಗಳನ್ನು ಮರೆಯಬೇಡಿ. ಕೋಲಾಟದ ಅದಲು ಬದಲು ಸುತ್ತು ಮಂಡಿಯ ಹರಾಜಿಗೆ ಹೇಳಿ ಮಾಡಿಸಿದಂತಿದೆ. ಕೋಲಿನ ಬದಲು ಎರಡು ಕೊಬ್ಬರಿ ಚಿಪ್ಪು ಕೊಟ್ಟೆವು. ಗ್ರಾಮದೇವತೆಯ ಮುಂದೆ ದೊಡ್ಡ ಮುಖವಾಡ ಹೊತ್ತು ಕುಣಿಯುವ ಸೋಮನ ಕುಣಿತದ ಭಾರವಾದ ತೂಗಾಟವನ್ನು ಸಾಲ ಕೊಟ್ಟವನು ಬರುವ ದೃಶ್ಯಕ್ಕೆ ಬಳಸಿದೆವು, ಮುಖವಾಡ ಇಲ್ಲದೆ, ಬರೀ ಭುಜದ ಚಲನೆ. ಆದರೆ ದೇವರ ಕುಣಿತವನ್ನು ಪೂರ್ತಿ ಎತ್ತಿ ತಂದು ಹಾಸ್ಯಕ್ಕೆ ಬಳಸಬೇಡಿ. ಊರಿನವರು ನೊಂದುಕೊಳ್ಳುತ್ತಾರೆ, ಅದು ನ್ಯಾಯವೂ ಹೌದು.

ತಾಳದ ಎರಡು ತೊಡಕು ಹೇಳಿ ಮುಂದೆ ಹೋಗುತ್ತೇನೆ. ಒಂದು, ಎಡುಪು. ನಮ್ಮ ರಂಗಗೀತೆಗಳಲ್ಲಿ ಎಷ್ಟೋ ಹಾಡು ತಾಳದ ಮೊದಲ ಪೆಟ್ಟಿನ ಮೇಲೆ ಶುರುವಾಗುವುದಿಲ್ಲ, ಅರ್ಧ ಪೆಟ್ಟು ಬಿಟ್ಟು ಎತ್ತಿಕೊಳ್ಳುತ್ತವೆ. ಹುಡುಗರು ಪದ ಶುರುವಾದ ಕಡೆ "ಒಂದು" ಅಂತ ಎಣಿಸುತ್ತಾರೆ. ತಬಲಾದವರ ಒಂದು ಬೇರೆ ಕಡೆ. ಮೂರನೇ ಸಾಲಿಗೆ ಎಲ್ಲಾ ಕಲಸುಮೇಲೋಗರ. ಕಲಿಸುವಾಗ ಹಾಡು ನಿಲ್ಲಿಸಿ, ಬರೀ ತಬಲಾಕ್ಕೆ ಹೆಜ್ಜೆ ಹಾಕಿಸಿ, ಆಮೇಲೆ ಮೇಲಿನಿಂದ ಪದ ಸೇರಿಸಿ. ಎರಡು, ಮಿಶ್ರ ಛಾಪು. ತಾಯಿಯ ಅಳಲಿನ ಹಾಡು ಏಳು ಎಣಿಕೆಯದು: ತಕಿಟ ತಕಧಿಮಿ. ಮೂರು, ಎರಡು, ಎರಡು ಅಂತ ಒಡೆದು ಮೂರು ಹೆಜ್ಜೆ ಹಾಕುತ್ತೀರಿ. ಮೂರು ಬೆಸ ಸಂಖ್ಯೆ. ಹಾಗಾಗಿ ಮೊದಲ ಆವರ್ತ ಬಲಗಾಲಲ್ಲಿ ಶುರುವಾದರೆ ಎರಡನೆಯದು ಎಡಗಾಲಲ್ಲಿ ಶುರುವಾಗುತ್ತದೆ. ಇದನ್ನು ಮೊದಲೇ ಹೇಳಿಬಿಡಿ. ಹೇಳದಿದ್ದರೆ ಒಬ್ಬೊಬ್ಬರೂ ಗುಟ್ಟಾಗಿ ಒಂದು ಹೆಜ್ಜೆ ಸೇರಿಸಿ ಸರಿಮಾಡಿಕೊಳ್ಳುತ್ತಾರೆ, ಸಾಲು ಕೆಡುತ್ತದೆ.

ಹಂತ 6: ಮಾತಿನಿಂದ ಹಾಡಿಗೆ ದಾಟುವುದು

ಮಾತು ಮುಗಿಯಿತು, ನಟ ನೆಟ್ಟಗೆ ನಿಂತ, ಮೇಷ್ಟ್ರ ಕಡೆ ನೋಡಿದ, ಹಾರ್ಮೋನಿಯಂ ಶುರುವಾಯಿತು, ಗಂಟಲು ಸರಿಮಾಡಿಕೊಂಡ, ಹಾಡಿದ. ಇದನ್ನು ಎಷ್ಟು ಸಲ ನೋಡಿದ್ದೀವಿ ಅಲ್ವಾ? ಆ ಐದು ಸೆಕೆಂಡಿನಲ್ಲಿ ಪಾತ್ರ ಸತ್ತುಹೋಗುತ್ತದೆ.

ಹೊಲಿಗೆ ಹೀಗೆ ಹಾಕಿ. ಹಾಡಿಗೆ ಮೊದಲಿನ ಎರಡು ಮಾತು ಇರುವಾಗಲೇ ಮೇಷ್ಟ್ರು ಷಡ್ಜ-ಪಂಚಮ ಸಣ್ಣಗೆ ಹಿಡಿಯಲಿ. ನಟನ ಕಿವಿಗೆ ಶ್ರುತಿ ಸಿಗುತ್ತದೆ, ಸಭೆಗೆ ಗೊತ್ತೇ ಆಗುವುದಿಲ್ಲ. ಕೊನೆಯ ಮಾತಿನಲ್ಲಿ ನಟ ಆಗಲೇ ಚಲಿಸುತ್ತಿರಲಿ. ಮೊದಲ ಸಾಲನ್ನು ಅರ್ಧ ಮಾತಿನಂತೆ ಹೇಳಲಿ, ತಬಲಾ ಎರಡನೇ ಸಾಲಿಗೆ ಬರಲಿ. ಅಪ್ಪ ಕಾಯಿ ಅಲ್ಲಾಡಿಸುವ ದೃಶ್ಯದಲ್ಲಿ ನಾವು ತಬಲಾವನ್ನೇ ತೆಗೆದೆವು. ಒಣಗಿದ ಒಂದು ಕಾಯಿಯ ಗಡಗಡ ಶಬ್ದವೇ ಮೊದಲ ನಾಲ್ಕು ಸಾಲಿನ ತಾಳ. ಅವನು ಆಸೆಯಿಂದ ಇನ್ನೊಂದು ಕಾಯಿ ಎತ್ತುತ್ತಾನೆ, ಅದು ಸದ್ದು ಮಾಡುವುದಿಲ್ಲ. ತಾಳ ನಿಲ್ಲುತ್ತದೆ. ಹಾಡೂ ನಿಲ್ಲುತ್ತದೆ.

ಹಾಡಿನಿಂದ ಮಾತಿಗೆ ಬರುವುದು ಇನ್ನೂ ಕಷ್ಟ. ಕುಣಿತ ಮುಗಿದ ಕೂಡಲೇ ಕುಣಿದವರ ಬಾಯಿಗೆ ಮುಖ್ಯ ಮಾತು ಇಡಬೇಡಿ. ಕಂಪನಿ ನಾಟಕದವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಹಿಂದೆ ಅರಮನೆ ಜೋಡಿಸುವಷ್ಟು ಹೊತ್ತು ಮುಂದೆ ರಸ್ತೆಯ ಪರದೆ ಬಿಟ್ಟು ಹಾಸ್ಯದವರನ್ನು ಕಳಿಸುತ್ತಿದ್ದರು. ರಸ್ತೆ ಸೀನು ಅಂತಲೇ ಹೆಸರು. ನಾನು ಅದನ್ನು ಉಸಿರಿಗಾಗಿ ಬಳಸುತ್ತೇನೆ. ದೊಡ್ಡ ಕುಣಿತದ ನಂತರ ಕುಣಿಯದೇ ಇದ್ದ ಇಬ್ಬರ ಎರಡು ನಿಮಿಷದ ಮಾತು. ಅಷ್ಟರಲ್ಲಿ ಉಳಿದವರು ಒಳಗೆ ನೀರು ಕುಡಿದು, ಬಟ್ಟೆ ಬದಲಿಸಿ ಸಿದ್ಧ.

ಹಂತ 7: ರಂಗದ ಮೇಲಿನ ಜಾಗ

ತಾಲೀಮಿನ ನೆಲದ ಮೇಲೆ ಸುಣ್ಣದಲ್ಲಿ ನಿಜವಾದ ರಂಗದ ಅಳತೆ ಎಳೆಯಿರಿ. ಅದನ್ನು ಮೂರು ಸಾಲು, ಮೂರು ಕಂಬಸಾಲು ಮಾಡಿ ಒಂಬತ್ತು ಚೌಕ ಮಾಡಿ. ನಂಬರ್ ಕೊಡಿ. "ಸ್ವಲ್ಪ ಆ ಕಡೆ ಹೋಗಪ್ಪಾ" ಅನ್ನುವುದಕ್ಕಿಂತ "4ರಿಂದ 8ಕ್ಕೆ" ಅನ್ನುವುದು ಬೇಗ ತಲೆಗೆ ಹೋಗುತ್ತದೆ. ಕಥೆ ತಿರುಗುವ ಸಾಲನ್ನು ಹಾಡುವವರು ಆ ಹೊತ್ತಿನಲ್ಲಿ ಮುಂದಿನ ಮೂರು ಚೌಕದಲ್ಲಿರಲಿ, ಉಳಿದವರ ಕೈ ಅವರ ಮುಖಕ್ಕಿಂತ ಎತ್ತರ ಹೋಗದಿರಲಿ.

ಮೈಕಿನ ವಿಷಯ ಮೊದಲೇ ಕೇಳಿಕೊಳ್ಳಿ. ತುಮಕೂರಿನ ಡಾ. ಗುಬ್ಬಿ ವೀರಣ್ಣ ಕಲಾಕ್ಷೇತ್ರದಂಥ ಸಭಾಂಗಣದಲ್ಲಿ ಆಡುವುದು ಬೇರೆ, ಜಾತ್ರೆಯ ಬಯಲಿನಲ್ಲಿ ಆಡುವುದು ಬೇರೆ. ಬಯಲಿನಲ್ಲಿ ರಂಗದ ಮುಂಭಾಗಕ್ಕೆ ತೂಗುಬಿಟ್ಟ ಮೈಕುಗಳಿರುತ್ತವೆ. ಅದರಿಂದ ಮೂರು ಹೆಜ್ಜೆ ಹಿಂದೆ ಹೋದರೆ ದನಿ ಇಲ್ಲ. ಅಲ್ಲಿ ಹಾಡುವ ಆರು ಜನ ಮೈಕಿನ ಕೆಳಗೆ, ಕುಣಿಯುವ ಆರು ಜನ ಹಿಂದೆ. ಅದಲು ಬದಲಾಗುವಾಗ ಸಾಲೂ ಅದಲು ಬದಲಾಗಬೇಕು. ಹೀಗೆ ಕಟ್ಟಿದ ಕುಣಿತ ಸಭಾಂಗಣದಲ್ಲೂ ನಡೆಯುತ್ತದೆ. ಸಭಾಂಗಣಕ್ಕೆ ಅಂತ ಕಟ್ಟಿದ್ದು ಬಯಲಿನಲ್ಲಿ ನಡೆಯುವುದಿಲ್ಲ.

ಬಯಲಿನ ಅಟ್ಟಣಿಗೆಯ ಹಲಗೆಗಳನ್ನು ನೀವೇ ಹತ್ತಿ ಕುಣಿದು ನೋಡಿ. ಒಂದೂರಲ್ಲಿ ಹಲಗೆ ನಡುವೆ ಸಂದು ಬಿಟ್ಟು ನಮ್ಮ ಹುಡುಗನ ಕಾಲು ಸಿಕ್ಕಿಕೊಂಡಿತು. ಅವನು ಹಾಡು ನಿಲ್ಲಿಸಲಿಲ್ಲ, ಅದು ಬೇರೆ ಮಾತು. ಮೇಲೆ ಜಮಖಾನ ಹಾಸಿದ್ದರೆ ಎತ್ತಿ ನೋಡಿ, ನಾಲ್ಕೂ ಮೂಲೆಗೆ ಮೊಳೆ ಹೊಡೆಸಿ.

ಬಟ್ಟೆಯ ಬಗ್ಗೆ ಒಂದೇ ಮಾತು. ಕಚ್ಚೆಪಂಚೆ, ಸೀರೆ ಉಡುವವರು ಎರಡನೇ ವಾರದಿಂದಲೇ ಅದರಲ್ಲೇ ತಾಲೀಮು ಮಾಡಲಿ. ಪ್ಯಾಂಟಿನಲ್ಲಿ ಕಲಿತ ಹೆಜ್ಜೆ ಪಂಚೆಯಲ್ಲಿ ಬರುವುದಿಲ್ಲ. ಗೆಜ್ಜೆ ಬೇಕಾದರೆ ಹಾಡದವರ ಕಾಲಿಗೆ ಮಾತ್ರ ಕಟ್ಟಿ.

ಹಂತ 8: ಕೊನೆಯ ವಾರ ಮತ್ತು ಪ್ರಯೋಗದ ದಿನ

ಕೊನೆಯ ವಾರ ನಿರ್ದೇಶಕ ಬಾಯಿ ಮುಚ್ಚಿಕೊಂಡು ಕೂರುವುದನ್ನು ಕಲಿಯಬೇಕು. ನಾಟಕ ಓಡುವಾಗ ನಿಲ್ಲಿಸಬೇಡಿ. ಬರೆದುಕೊಳ್ಳಿ, ಮುಗಿದ ಮೇಲೆ ಹೇಳಿ. ಒಂದು ದಿನ ನೀವು ರಂಗಕ್ಕೆ ಬೆನ್ನು ಹಾಕಿ ಕೂತು ಬರೀ ಕೇಳಿ. ಯಾವ ಸಾಲು ಕೇಳಿಸಲಿಲ್ಲವೋ ಅಲ್ಲಿ ಹೆಜ್ಜೆ ಜಾಸ್ತಿ ಆಗಿದೆ. ಇನ್ನೊಂದು ದಿನ ಕಿವಿಗೆ ಹತ್ತಿ ಇಟ್ಟುಕೊಂಡು ಬರೀ ನೋಡಿ. ಕಥೆ ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ಕುಣಿತ ಬರೀ ಅಲಂಕಾರ. ನನಗೆ ಈ ಎರಡು ದಿನ ಕೊಡುವಷ್ಟು ಮಾಹಿತಿ ಯಾವ ವಿಡಿಯೋವೂ ಕೊಟ್ಟಿಲ್ಲ.

ಪಕ್ಕದ ಪರದೆಯ ಹಿಂದೆ ನಿಲ್ಲಲು ಒಬ್ಬ ಜವಾಬ್ದಾರಿಯವರನ್ನು ನೇಮಿಸಿ. ದೀಪ ಯಾವ ಪದಕ್ಕೆ ಬದಲಾಗಬೇಕು, ಪರದೆ ಯಾವ ಸ್ವರಕ್ಕೆ ಬೀಳಬೇಕು, ಯಾರು ಯಾವ ಕಡೆಯಿಂದ ಬರುತ್ತಾರೆ, ಎಲ್ಲಾ ಅವರ ಕಾಗದದಲ್ಲಿರಲಿ. ಪ್ರಯೋಗ ಶುರುವಾದ ಮೇಲೆ ಅವರೇ ಯಜಮಾನರು, ನೀವಲ್ಲ.

ಊಟದ ವಿಷಯಕ್ಕೆ ನಾನು ಬೈಸಿಕೊಂಡಿದ್ದೇನೆ. ಊರಿನವರು ಪ್ರೀತಿಯಿಂದ ಮುದ್ದೆ, ಸಾರು ಮಾಡಿಸಿ ಸಂಜೆ 7ಕ್ಕೆ ಬಡಿಸಿದರು. ನಾಟಕ 8ಕ್ಕೆ. ಮುದ್ದೆ ಉಂಡು ಒಂದು ಗಂಟೆಗೆ ಕುಣಿದು ಹಾಡಲು ಯಾರ ಕೈಲಾಗುತ್ತದೆ? ಬೇಡ ಅಂದಿದ್ದಕ್ಕೆ ಯಜಮಾನರೊಬ್ಬರು ಮುನಿಸಿಕೊಂಡರು. ಈಗ ಊರು ಒಪ್ಪಿಕೊಳ್ಳುವಾಗಲೇ ಹೇಳಿಬಿಡುತ್ತೇನೆ: ಐದು ಗಂಟೆಗೆ ಲಘುವಾಗಿ ಏನಾದರೂ, ನಾಟಕ ಮುಗಿದ ಮೇಲೆ ಮುದ್ದೆ ಊಟ, ಹೊಟ್ಟೆ ತುಂಬಾ.

ನಾಟಕಕ್ಕೆ ಅರ್ಧ ಗಂಟೆ ಮೊದಲು ಎಲ್ಲರನ್ನೂ ಸುತ್ತ ನಿಲ್ಲಿಸಿ. ಮೊದಲು ಮೈ ಬಿಸಿ ಮಾಡಿಸಿ, ಆಮೇಲೆ ಮಂದ್ರದಲ್ಲಿ ಸ-ಪ ಹಿಡಿಸಿ, ಕೊನೆಗೆ ಮಂಡಿ ಹಾಡಿನ ಪಲ್ಲವಿಯನ್ನು ನಡೆಯುತ್ತಾ ಒಮ್ಮೆ. ಪೂರ್ತಿ ಹಾಡಿಸಬೇಡಿ, ದನಿ ರಂಗಕ್ಕೆ ಉಳಿಯಲಿ.

ನಮ್ಮ ಕಡೆಯ ಸಭೆಗೆ ತಯಾರಾಗಿರಬೇಕಾದ ಎರಡು ವಿಷಯ ಇವೆ. ಒಂದು, ಹಾರ. ನಾಟಕ ನಡೆಯುತ್ತಿರುವಾಗಲೇ ನಂಟರು ರಂಗ ಹತ್ತಿ ಹಾರ ಹಾಕುತ್ತಾರೆ, ಶಾಲು ಹೊದಿಸುತ್ತಾರೆ, ನೋಟು ಸಿಕ್ಕಿಸುತ್ತಾರೆ. ಬೇಡ ಅಂದರೆ ಜಗಳ. ನಾವು ಎರಡು ಜಾಗ ಗೊತ್ತುಮಾಡಿ ಮೊದಲೇ ಮೈಕಿನಲ್ಲಿ ಹೇಳುತ್ತೇವೆ: ಮೊದಲ ಅಂಕ ಮುಗಿದಾಗ ಒಮ್ಮೆ, ಮಂಗಳಕ್ಕೆ ಮೊದಲು ಒಮ್ಮೆ. ಮುಕ್ಕಾಲು ಪಾಲು ಜನ ಕೇಳುತ್ತಾರೆ. ಉಳಿದ ಕಾಲು ಪಾಲಿಗೆ ಮೇಷ್ಟ್ರು ಪಲ್ಲವಿಯನ್ನು ಸುತ್ತಿಸುತ್ತಿರಬೇಕು, ನಟ ಪಾತ್ರ ಬಿಡದೆ ಹಾರ ಹಾಕಿಸಿಕೊಂಡು ಮುಂದುವರಿಯಬೇಕು. ತಾಲೀಮಿನಲ್ಲೇ ಯಾರನ್ನಾದರೂ ನಂಟರ ವೇಷದಲ್ಲಿ ನುಗ್ಗಿಸಿ ಅಭ್ಯಾಸ ಮಾಡಿಸಿ.

ಎರಡು, ಒನ್ಸ್ ಮೋರ್. ಕೂಗಿದರು ಅಂತ ಪೂರ್ತಿ ಹಾಡು ಮತ್ತೆ ಕುಣಿಸಿದರೆ ಮುಂದಿನ ದೃಶ್ಯಕ್ಕೆ ಯಾರಲ್ಲೂ ದಮ್ಮು ಇರುವುದಿಲ್ಲ. ಕೊನೆಯ ಚರಣ ಮಾತ್ರ, ಅದೂ ನಿಂತ ಜಾಗದಲ್ಲೇ. ಅಪ್ಪನ ಅಟ್ಟದ ಹಾಡಿಗೆ ಒನ್ಸ್ ಮೋರ್ ಕೊಡಬೇಡಿ ಅಂತ ನಾನು ಹೇಳಿದ್ದೆ. ಹಾಡು ನಿಂತದ್ದೇ ಅಲ್ಲಿನ ಕಥೆ. ಸಭೆ ಕೂಗಿತು. ಅವರು ಏಣಿ ಮೇಲಿಂದ ಅಲುಗಾಡದೆ ಕಾಯಿಯನ್ನೇ ನೋಡುತ್ತಾ ಕೂತರು. ಕೂಗು ತಾನಾಗಿ ಅಡಗಿತು.

ಕರೆಂಟ್ ಹೋದರೆ? ಹಾರ್ಮೋನಿಯಂ ನಿಲ್ಲಬಾರದು. ಜನರೇಟರ್ ಶುರುವಾಗುವವರೆಗೆ ಎಲ್ಲರೂ ಮುಂದಿನ ಸಾಲಿಗೆ ಬಂದು ಪಲ್ಲವಿ ಹಾಡುತ್ತಿರಲಿ. ಕತ್ತಲಲ್ಲಿ ಕುಣಿಯಬಾರದು, ಅಷ್ಟೇ.

ಮಾರನೇ ದಿನ ಡ್ರೆಸ್ಸು, ಸೀನರಿ ವಾಪಸ್ ಕಳಿಸುವ ಮೊದಲು ಮೇಷ್ಟ್ರನ್ನೂ ತಬಲಾದವರನ್ನೂ ಕರೆದು ಕೂರಿಸಿ, ಹಾಡಿನ ಕಾಗದ ತೆಗೆಯಿರಿ. ಎಲ್ಲೆಲ್ಲಿ ದನಿ ಹೋಯಿತು ಅಂತ ಅವರಿಗೆ ನಿಮಗಿಂತ ಚೆನ್ನಾಗಿ ನೆನಪಿರುತ್ತದೆ. ಅಲ್ಲೆಲ್ಲ ಹೊಸ ಕೆಂಪು ಗೀಟು ಹಾಕಿ, ಆ ಹೆಜ್ಜೆಯನ್ನು ಎರಡನೇ ಪ್ರಯೋಗಕ್ಕೆ ಮೊದಲು ಬದಲಿಸಿ. ಕಾಗದವನ್ನು ಮೇಷ್ಟ್ರ ಹಾರ್ಮೋನಿಯಂ ಪೆಟ್ಟಿಗೆಯಲ್ಲೇ ಇಡಿ. ನಮ್ಮ ತಂಡದಲ್ಲಿ ಮನೆಗೆ ತೆಗೆದುಕೊಂಡು ಹೋದ ಯಾವ ಕಾಗದವೂ ಇದುವರೆಗೆ ವಾಪಸ್ ಬಂದಿಲ್ಲ.